ಸರ್ಕಾರಿ ಶಾಲೆ ಎಲ್‌ಕೆಜಿ ಹೆಂಗಿದೆ? ಒಂದ್ ವರ್ಷ ಮಗಳನ್ನ ಕಳಿಸಿದ ಮೇಲೆ ನನ್ನ ರಿವ್ಯೂ

ತುಂಬಾ ಜನ ಕೇಳ್ತಾನೇ ಇದ್ದಾರೆ, ಕೆಪಿಎಸ್‌ಗೆ (ಕರ್ನಾಟಕ ಪಬ್ಲಿಕ್ ಸ್ಕೂಲ್‌ಗೆ) ಮಗು ಸೇರಿಸ್ಬೋದಾ, ಚೆನ್ನಾಗ್ ನೋಡ್ಕೋತಾರಾ, ಊಟ ಕೊಡ್ತಾರಾ, ದುಡ್ಡು ಕೇಳ್ತಾರಾ ಅಂತ. ಒಬ್ಬೊಬ್ರಿಗೂ ವಾಟ್ಸಾಪಲ್ಲಿ ವಾಯ್ಸ್ ಕಳಿಸಿ ಕಳಿಸಿ ಗಂಟಲು ಒಣಗ್ತು, ಅದಕ್ಕೆ ಒಂದೇ ಸಲ ಬರ್ದು ಹಾಕ್ತಿದೀನಿ. ಶಾಲೆ ಹೆಸರು ಹಾಕಲ್ಲ, ಯಾಕಂದ್ರೆ ಹೊಗಳೋದೂ ಇದೆ ಬೈಯೋದೂ ಇದೆ, ನಾಳೆ ಗೇಟ್ ಹತ್ರ ಎಲ್ರ ಮುಖ ನೋಡ್ಬೇಕಲ್ಲ. ತುಮಕೂರು ಕಡೆ ಒಂದು ಕರ್ನಾಟಕ ಪಬ್ಲಿಕ್ ಸ್ಕೂಲು ಅಂತ ಇಟ್ಕೊಳಿ ಸಾಕು. ಮಗಳು 2025ರಲ್ಲಿ ಎಲ್‌ಕೆಜಿ ಸೇರಿದ್ಲು, ಈಗ ಯುಕೆಜಿ.

ಸ್ಟಾರ್ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ. ಮಿಸ್‌ಗೆ ಬೇಕಾದ್ರೆ ಐದಕ್ಕೆ ಐದು. ಮಿಕ್ಕಿದ್ದು ಎಲ್ಲಿ ಕಟ್ ಆಯ್ತು ಅಂದ್ರೆ, ಈ ಎಲ್‌ಕೆಜಿ ಅನ್ನೋದು ಸರ್ಕಾರಿ ಶಾಲೆ ಕಾಂಪೌಂಡ್ ಒಳಗೇ ಇದ್ರೂ ಶಾಲೆ ಸವಲತ್ತೆಲ್ಲಾ ಶುರು ಆಗೋದು ಒಂದನೇ ಕ್ಲಾಸಿಂದ, ಈ ಕಡೆ ಅಂಗನವಾಡಿ ಸವಲತ್ತೆಲ್ಲಾ ಮಹಿಳಾ ಮತ್ತು ಮಕ್ಕಳ ಇಲಾಖೆದು, ನಮ್ಮ ಮಕ್ಕಳು ಅಲ್ಲೂ ಸಲ್ಲಲ್ಲ ಇಲ್ಲೂ ಸಲ್ಲಲ್ಲ. ಹಂಗಾಗಿ ಒಂದು ಶಾಲೆ ಎಲ್‌ಕೆಜಿ ಬಂಗಾರ ಇರುತ್ತೆ, ಪಕ್ಕದ ಹೋಬಳೀದು ಬರೀ ಬೋರ್ಡ್ ಇರುತ್ತೆ. ಎಲ್ಲಾ ಹೆಡ್‌ಮಾಸ್ಟರ್ರು, ಎಸ್‌ಡಿಎಂಸಿ (ಅಪ್ಪ ಅಮ್ಮಂದ್ರು ಇರೋ ಶಾಲೆ ಸಮಿತಿ), ಮತ್ತೆ ಆ ಮಿಸ್ ಮೇಲೆ ನಿಂತಿದೆ. ಇದನ್ನ ತಲೇಲಿ ಇಟ್ಕೊಂಡು ಮುಂದಕ್ಕೆ ಓದಿ.

ಗೊತ್ತಿಲ್ದೋರಿಗೆ, ಕೆಪಿಎಸ್ ಅಂದ್ರೆ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಓದೋ ಸರ್ಕಾರಿ ಶಾಲೆ. 2018-19ರಲ್ಲಿ 176 ಶಾಲೆಗಳಿಂದ ಶುರು ಮಾಡಿದ್ರು, ಆಮೇಲೆ ಜಾಸ್ತಿ ಮಾಡ್ತಾ ಬಂದ್ರು. ಕಲ್ಯಾಣ ಕರ್ನಾಟಕದ ಕಡೆ 2024ರಲ್ಲಿ ಕೆಪಿಎಸ್ ಅಲ್ದೆ ಬೇರೆ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ ತೆಗೆದ್ರು. ಜನ ಯಾಕ್ ಮುಗಿಬೀಳ್ತಾರೆ ಅಂದ್ರೆ ಅದು ಎಲ್‌ಕೆಜಿ ಮೇಲಿನ ಪ್ರೀತಿಗಲ್ಲ ಬಿಡಿ, ಒಳಗೆ ಒಂದ್ಸಲ ಕಾಲಿಟ್ರೆ ಒಂದನೇ ಕ್ಲಾಸ್ ಇಂಗ್ಲಿಷ್ ಮೀಡಿಯಂ ಸೀಟ್‌ಗೆ ಆಮೇಲೆ ಒದ್ದಾಡೋ ಹಂಗಿಲ್ಲ ಅನ್ನೋ ಲೆಕ್ಕಾಚಾರ. ನಮ್ಮ ಶಾಲೇಲಿ ಎಲ್‌ಕೆಜಿಗೆ ಒಂದು ಸೆಕ್ಷನ್ನು, 30 ಮಕ್ಕಳು. ಫಾರಂ ತಗೊಂಡೋರು ಅದಕ್ಕಿಂತ ಎಷ್ಟೋ ಜಾಸ್ತಿ. ಕೆಲವು ಊರಲ್ಲಿ ಅಪ್ಪ ಅಮ್ಮಂದ್ರು ರಾತ್ರಿಯೆಲ್ಲಾ ಗೇಟ್ ಮುಂದೆ ಮಲಗಿ ಕ್ಯೂ ನಿಂತಿದ್ದು ಪೇಪರಲ್ಲೂ ಬಂದಿತ್ತು, ನಮ್ಮಲ್ಲಿ ಅಷ್ಟಕ್ಕೆ ಹೋಗ್ಲಿಲ್ಲ, ಎಲ್ರನ್ನೂ ಒಂದ್ ದಿನ ಕರ್ದು ಚೀಟಿ ಎತ್ತಿಸಿದ್ರು. ಒಂದು ಸ್ಟೀಲ್ ಡಬರಿ ಒಳಗೆ ಚೀಟಿ ಹಾಕಿ ಆರನೇ ಕ್ಲಾಸ್ ಹುಡುಗಿ ಕೈಲಿ ಎತ್ತಿಸೋದು, ಹೆಡ್‌ಮಾಸ್ಟರ್ರು ಹೆಸರು ಕೂಗೋದು. ಎಲ್ರ ಎದುರಿಗೇ ಮಾಡಿದ್ರಲ್ಲ, ಅದು ಇಷ್ಟ ಆಯ್ತು. ಮೆಂಬರ್ ಕಡೆಯೋರು ಅಂತ ಬಂದವರ ಮಗೂದೂ ಬರ್ಲಿಲ್ಲ, ಅವ್ರು ದುಸುಮುಸು ಅಂತ ಹೋದ್ರು.

ವಯಸ್ಸಿನ ಲೆಕ್ಕ ಸರಿಯಾಗಿ ನೋಡ್ಕೊಳಿ, ಇದ್ರಲ್ಲೇ ಜಾಸ್ತಿ ಜನ ವಾಪಸ್ ಹೋಗೋದು. ಜೂನ್ 1ಕ್ಕೆ ನಾಲ್ಕು ವರ್ಷ ತುಂಬಿರ್ಬೇಕು. ಜೂನ್ ಹತ್ತಕ್ಕೆ ತುಂಬುತ್ತೆ ಮೇಡಂ ಅಡ್ಜಸ್ಟ್ ಮಾಡ್ಕೊಳಿ ಅಂದ್ರೆ ಆಗಲ್ಲ ಅಂತಾರೆ, ನಮ್ಮ ಕ್ಯೂನಲ್ಲೇ ಒಬ್ರು ಕಣ್ಣೀರು ಹಾಕ್ಕೊಂಡು ಹೋದ್ರು. ಇದೆಲ್ಲಾ ಬಂದಿದ್ದು ಒಂದನೇ ಕ್ಲಾಸಿನ ರೂಲ್ಸಿಂದ. ಒಂದನೇ ಕ್ಲಾಸ್‌ಗೆ ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅಂತ 2022ರಲ್ಲಿ ಆದೇಶ ಮಾಡಿದ್ರು, ಅಷ್ಟರಲ್ಲಿ ಮುಂಚಿನ ಲೆಕ್ಕದಲ್ಲಿ ಪ್ರೈವೇಟಲ್ಲಿ ನರ್ಸರಿ ಎಲ್‌ಕೆಜಿ ಸೇರಿಸಿದ್ದ ಮಕ್ಕಳೆಲ್ಲಾ ಯುಕೆಜಿ ಮುಗಿಸ್ಕೊಂಡು ಕೂತಿದ್ವು, ಅಪ್ಪ ಅಮ್ಮಂದ್ರು ಗಲಾಟೆ ಮಾಡಿದ್ರು, ಕೊನೆಗೆ 2025ರ ಏಪ್ರಿಲಲ್ಲಿ ಸಚಿವ ಮಧು ಬಂಗಾರಪ್ಪನವ್ರು ಆ ಒಂದ್ ವರ್ಷಕ್ಕೆ ಮಾತ್ರ ಅಂತ ಹೇಳಿ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ರು, ಅದೂ ಯುಕೆಜಿ ಮುಗಿಸಿದ್ರೆ. ಈಗ ಎಲ್‌ಕೆಜಿ ಸೇರಿಸೋರು ಆ ರಿಯಾಯಿತಿ ನೆಚ್ಕೊಂಡು ಕೂರ್ಬೇಡಿ. ಮಗು ಒಂದ್ ವರ್ಷ ಲೇಟಾಗುತ್ತೆ ಅಂತ ಅತ್ತೆ ಮಾವ ಬೇಜಾರ್ ಮಾಡ್ಕೋತಾರೆ, ಮಾಡ್ಕೊಳ್ಲಿ, ಏನೂ ಲೇಟಾಗಲ್ಲ.

ಕಾಗದ ಪತ್ರ. ಜನನ ಪ್ರಮಾಣ ಪತ್ರ, ಮಗು ಆಧಾರು, ನಮ್ಮಿಬ್ರ ಆಧಾರು, ರೇಷನ್ ಕಾರ್ಡು, ಜಾತಿ ಮತ್ತೆ ಆದಾಯ ಸರ್ಟಿಫಿಕೇಟು, ಇಂಜೆಕ್ಷನ್ ಹಾಕಿಸಿರೋ ತಾಯಿ ಕಾರ್ಡು, ಫೋಟೊ. ಲಿಸ್ಟ್ ನೋಡಿದ್ರೆ ಇಷ್ಟೇನಾ ಅನ್ಸುತ್ತೆ. ತಕರಾರು ಇರೋದು ಹೆಸರಲ್ಲಿ. ಎಷ್ಟೋ ಜನರ ಜನನ ಪತ್ರದಲ್ಲಿ ಮಗು ಹೆಸರೇ ಇರಲ್ಲ, ಆಸ್ಪತ್ರೇಲಿ ಹುಟ್ಟಿದ ತಕ್ಷಣ ಮಾಡಿಸಿರ್ತಾರೆ, ನಾಮಕರಣ ಆದ್ಮೇಲೆ ಹೋಗಿ ಹೆಸರು ಸೇರಿಸಿರಲ್ಲ. ಇನ್ನು ಕೆಲವರದ್ರಲ್ಲಿ ಜನನ ಪತ್ರದಲ್ಲಿ ಇನಿಷಿಯಲ್ ಹಿಂದೆ, ಆಧಾರಲ್ಲಿ ಮುಂದೆ, ಅಪ್ಪನ ಹೆಸರಲ್ಲಿ ಒಂದ್ ಕಡೆ ಗೌಡ ಇರುತ್ತೆ ಇನ್ನೊಂದ್ ಕಡೆ ಇರಲ್ಲ. ಶಾಲೆಯೋರು ಸ್ಯಾಟ್ಸ್ ಅಂತ ಆನ್‌ಲೈನಲ್ಲಿ ಮಗು ವಿವರ ಹತ್ತಿಸ್ತಾರೆ, ಅಲ್ಲಿ ಏನ್ ಕೂತ್ಕೊಳುತ್ತೋ ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತನಕ ಹಿಂದೆ ಬರುತ್ತೆ, ಅದಕ್ಕೆ ಅವತ್ತು ಆಪರೇಟರ್ ಪಕ್ಕದಲ್ಲೇ ನಿಂತು ಒಂದೊಂದ್ ಅಕ್ಷರ ನೋಡಿ. ಮಗೂಗೆ ಆಧಾರ್ ಇಲ್ದಿದ್ರೆ ಪೋಸ್ಟ್ ಆಫೀಸಲ್ಲೋ ಆಧಾರ್ ಸೆಂಟರಲ್ಲೋ ಮಾಡಿಸಿ, ಐದ್ ವರ್ಷದ ಒಳಗೆ ಬೆರಳು ಕಣ್ಣು ಏನೂ ತಗೊಳಲ್ಲ, ಅಪ್ಪಂದೋ ಅಮ್ಮಂದೋ ಆಧಾರ್ ಮೇಲೆ ಕೊಡ್ತಾರೆ, ಐದು ತುಂಬಿದ ಮೇಲೆ ಮತ್ತೆ ಹೋಗಿ ಅಪ್‌ಡೇಟ್ ಮಾಡಿಸ್ಬೇಕು. 2023ರ ಅಕ್ಟೋಬರ್ 1ರಿಂದ ಆಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಅಡ್ಮಿಷನ್‌ಗೆ ಹುಟ್ಟಿದ ದಿನದ ಪುರಾವೆ ಅಂದ್ರೆ ಜನನ ಪತ್ರ ಒಂದೇ ಅಂತ ಕಾನೂನೇ ಆಗಿದೆ, ಹಂಗಾಗಿ ಚಿಕ್ಕ ಮಗು ಇರೋರು ಈಗ್ಲೇ ಹೆಸರು ಸೇರಿಸಿ ಇಟ್ಕೊಳಿ.

ಇನ್ನು ಕ್ಲಾಸು. ನಾನ್ ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೆ, ಬೇರೆ ಮಾತಿಲ್ಲ. ಹಳೇ ಹೆಂಚಿನ ರೂಮು, ಗೋಡೆಗೆಲ್ಲಾ ಪೇಂಟ್, ಕೆಳಗೆ ಜಮಖಾನ, ನಾಲ್ಕು ಪ್ಲಾಸ್ಟಿಕ್ ಟೇಬಲ್ಲು, ಅಷ್ಟೇ. ಜುಲೈಲಿ ಒಂದಿನ ಮಳೆ ಬರ್ತಿತ್ತು ಅಂತ ಜರ್ಕಿನ್ ಕೊಡೋಕ್ ಹೋಗಿದ್ದೆ, ಕಿಟಕಿ ಹತ್ರ ನಿಂತ್ಕೊಂಡು ನೋಡಿದೆ. ಮಿಸ್ಸು ಜಮಖಾನದ ಮೇಲೆ ಹುಣಸೆಬೀಜ, ಅವರೆಕಾಳು, ಹಲಸಿನ ಬೀಜ ಎಲ್ಲಾ ಕಲಸಿ ಸುರಿದಿದ್ರು, ಮಕ್ಕಳು ಬೇರೆ ಬೇರೆ ಮಾಡಿ ತೆಂಗಿನ ಚಿಪ್ಪಲ್ಲಿ ಹಾಕ್ಬೇಕು, ಆಮೇಲೆ ಎಣಿಸ್ಬೇಕು. ಒಬ್ಬ ಪುಣ್ಯಾತ್ಮ ಅವರೆಕಾಳು ಮೂಗೊಳಗೆ ಹಾಕ್ಕೊಂಡ. ನಂಗೆ ಕೈಕಾಲು ತಣ್ಣಗಾಯ್ತು. ಮಿಸ್ ಗಾಬರಿ ಬೀಳ್ಲಿಲ್ಲ, ಕಿರುಚ್ಲಿಲ್ಲ, ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಇನ್ನೊಂದು ಹೊಳ್ಳೆ ಒತ್ತಿ ಹಿಡ್ಕೊಂಡು, ಬಾಯಿ ಮುಚ್ಚು ಕಂದ, ಎಲ್ಲಿ, ಮೂಗಲ್ಲಿ ಜೋರಾಗಿ ಗಾಳಿ ಬಿಡು ಅಂದ್ರು. ಟಪ್ ಅಂತ ಈಚೆಗೆ ಬಂತು. ಅದನ್ನ ಸೀರೆ ಸೆರಗಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿ, ಹತ್ತಿತ್ತು, ಒಂದ್ ಹೋಯ್ತು, ಈಗ ಎಷ್ಟಪ್ಪಾ ಅಂತ ಅವನನ್ನೇ ಕೇಳಿದ್ರು. ಒಂಬತ್ತು ಅಂದ ಅವನು, ಅಳ್ತಾ ಅಳ್ತಾನೇ. ಮುಂದಿನ ವಾರದಿಂದ ಚಿಕ್ಕ ಕಾಳು ಬಂದ್, ಬರೀ ಬಾಟ್ಲಿ ಮುಚ್ಚಳ.

ಈ ಮಿಸ್ಸು ಗೆಸ್ಟ್ ಟೀಚರು, ಪರ್ಮನೆಂಟ್ ಅಲ್ಲ. ಗೌರವಧನ ಅಂತ ಕೊಡ್ತಾರಲ್ಲ ಅದು ಎಷ್ಟು ಅಂತ ಇಲ್ಲಿ ಬರ್ಯೋದು ಬೇಡ, ಅದೂ ತಿಂಗಳು ತಿಂಗಳು ಬರಲ್ಲ ಅಂತ ಅವ್ರೇ ಒಂದ್ಸಲ ಬಾಯ್ಬಿಟ್ರು. ಒಳ್ಳೆ ಕಡೆ ಕೆಲಸ ಸಿಕ್ರೆ ಅವ್ರು ಹೋಗ್ತಾರೆ, ಹೋಗ್ಲೂಬೇಕು, ಆಗ ನನ್ನ ಐದು ಸ್ಟಾರು ಅವ್ರ ಜೊತೆನೇ ಹೋಗುತ್ತೆ. ರಿವ್ಯೂ ಬರಿಯುವಾಗ ಇದನ್ನ ಹೇಳ್ದೆ ಇದ್ರೆ ಮೋಸ.

ಬರೆಸಲ್ಲ ಅನ್ನೋ ಕಂಪ್ಲೇಂಟ್ ಬಗ್ಗೆ. ಎಲ್‌ಕೆಜಿ ಪೂರ್ತಿ ಮಿಸ್ ಸಾಲು ಸಾಲು ಬರೆಸ್ಲಿಲ್ಲ. ಗೀಚೋದು, ಬಣ್ಣ ಹಚ್ಚೋದು, ಮಣ್ಣಲ್ಲಿ ಬೆರಳಾಡಿಸೋದು, ಕಥೆ, ಹಾಡು. ಇಂಗ್ಲಿಷು ಕನ್ನಡ ಎರಡೂ ಕಲಸಿ ಮಾತಾಡ್ತಾರೆ. ಪಕ್ಕದ್ಮನೆ ಪ್ರೈವೇಟ್ ಮಗು 1ರಿಂದ 100 ಬರೆಯುತ್ತೆ, ನಮ್ಮದು ಇನ್ನೂ ಬಾಟ್ಲಿ ಮುಚ್ಚಳ ಎಣಿಸ್ತಿದೆ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಅರ್ಧ ಜನ ಎದ್ದು ನಿಂತ್ರು. ನಂಗ್ ಕೇಳಿದ್ರೆ ಮಿಸ್ ಮಾಡಿದ್ದೇ ಸರಿ, ನಾಲ್ಕು ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿಸಿ ನೂರರ ತನಕ ಬರೆಸಿ ಏನ್ ಸಾಧಿಸ್ಬೇಕು, ಆ ಪಕ್ಕದ್ಮನೆ ಮಗು 100 ಬರೆಯುತ್ತೆ, ಏಳು ಚಮಚ ತಗೊಂಬಾ ಅಂದ್ರೆ ಕೈಗೆ ಸಿಕ್ಕಿದಷ್ಟು ತರುತ್ತೆ. ಆದ್ರೂ ಹೋಮ್‌ವರ್ಕ್ ಇಲ್ದೆ ಸಮಾಧಾನ ಇಲ್ದಿರೋ ಅಪ್ಪ ಅಮ್ಮಂದ್ರು ಈ ಕಡೆ ಬರ್ಬೇಡಿ, ನಿಮ್ಗೂ ಕಷ್ಟ ಮಿಸ್‌ಗೂ ಕಷ್ಟ.

ಈಗ ಬೈಯೋ ಭಾಗ. ಊಟ. ಬಿಸಿಯೂಟ ಎಲ್‌ಕೆಜಿ ಮಕ್ಕಳಿಗೂ ಹಾಕ್ತಾರೆ, ಹಾಲೂ ಕೊಡ್ತಾರೆ, ಅದ್ರಲ್ಲಿ ಸುಳ್ಳು ಹೇಳಲ್ಲ. ಆದ್ರೆ ಅದು ಹಕ್ಕು ಅನ್ನೋ ಹಂಗಿಲ್ಲ, ಅಡುಗೆ ಅಕ್ಕಂದಿರ ದೊಡ್ಡ ಮನಸ್ಸಿಂದ ನಡೀತಿದೆ ಅನ್ನೋ ಹಂಗಿದೆ. ಬಿಸಿಯೂಟದ ಹೆಸರನ್ನ 2021ರಲ್ಲಿ ಪಿಎಂ ಪೋಷಣ್ ಅಂತ ಬದಲಾಯಿಸಿದಾಗ ಬಾಲವಾಟಿಕಾ, ಅಂದ್ರೆ ಒಂದನೇ ಕ್ಲಾಸಿಗಿಂತ ಮುಂಚಿನ ಮಕ್ಕಳನ್ನೂ ಸೇರಿಸ್ತೀವಿ ಅಂತ ಕೇಂದ್ರದೋರು ಹೇಳಿದ್ರು, ನಮ್ಮ ಶಾಲೇಲಿ ಕೇಳಿದ್ರೆ ನಮ್ಮ ರಿಜಿಸ್ಟರಲ್ಲಿ ಒಂದನೇ ಕ್ಲಾಸಿಂದ ಲೆಕ್ಕ ಮೇಡಂ ಅಂತಾರೆ. ಮೊಟ್ಟೆ ದಿನ ನೋಡ್ಬೇಕು ನೀವು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿಸಿ ಸರ್ಕಾರಿ ಶಾಲೇಲಿ ವಾರಕ್ಕೆ ಆರು ದಿನ ಮೊಟ್ಟೆ ಮಾಡಿದ್ರು, ಎಂಥಾ ಒಳ್ಳೆ ಕೆಲಸ, ಆದ್ರೆ ಅದು 1ರಿಂದ 10ನೇ ಕ್ಲಾಸ್ ಮಕ್ಕಳಿಗೆ. ಅಣ್ಣ ಅಕ್ಕಂದ್ರು ಮೊಟ್ಟೆ ಸಿಪ್ಪೆ ಬಿಡಿಸ್ತಾ ಕೂತಿರ್ತಾರೆ, ನಮ್ಮ ಚಿಳ್ಳೆಗಳು ಎದುರುಗಡೆ ಸಾಲಲ್ಲಿ ನೋಡ್ತಾ ಕೂತಿರ್ತವೆ. ಅವತ್ತು ಎಷ್ಟ್ ಜನ ದೊಡ್ಡ ಮಕ್ಕಳು ಆಬ್ಸೆಂಟೋ ಅಷ್ಟು ಮೊಟ್ಟೆ ಈ ಕಡೆ ಬರುತ್ತೆ, ಮಿಸ್ ಅದನ್ನ ದಾರದಲ್ಲಿ ಅರ್ಧ ಅರ್ಧ ಕುಯ್ದು ಹಂಚ್ತಾರೆ. ಮಗಳು ಮನೆಗೆ ಬಂದು ಇವತ್ತು ನಂಗೆ ಹಳದಿ ಇಲ್ದಿರೋ ಕಡೆ ಬಂತಮ್ಮ ಅಂತಾಳೆ. ಇದೇ ಮಗು ಅಂಗನವಾಡೀಲಿ ಇದ್ದಿದ್ರೆ ವಾರಕ್ಕೆ ಎರಡು ದಿನ ಪೂರ್ತಿ ಮೊಟ್ಟೆ ಅವಳ ಹೆಸರಲ್ಲೇ ಬರ್ತಿತ್ತು. ಒಂದೇ ಸರ್ಕಾರ, ಒಂದೇ ವಯಸ್ಸಿನ ಮಗು, ಗೇಟ್ ಬೇರೆ ಆದ ತಕ್ಷಣ ಮೊಟ್ಟೆ ಹೋಯ್ತು. ಇದಕ್ಕೇ ನಾನು ಒಂದು ಸ್ಟಾರ್ ಕಿತ್ಕೊಂಡಿದ್ದು.

ಯೂನಿಫಾರಂ ಶೂ ಪುಸ್ತಕ ಫ್ರೀ ಅಂತ ಅಂದ್ಕೊಂಡು ಬರ್ಬೇಡಿ, ಅದೂ ಒಂದನೇ ಕ್ಲಾಸಿಂದಾನೇ. ನಮ್ಮಲ್ಲಿ ಎಸ್‌ಡಿಎಂಸಿಯೋರು ಒಂದೇ ಬಟ್ಟೆ ಅಂಗಡೀಲಿ ಮಾತಾಡಿ ಚೆಕ್ಸ್ ಶರಟು ಲಂಗ ಮಾಡಿಸಿದ್ರು, ದುಡ್ಡು ನಮ್ದೇ.

ದುಡ್ಡಿನ ವಿಷ್ಯ ಬಂತಲ್ಲ. ಫೀಸ್ ಇಲ್ಲ. ಆದ್ರೆ ದೇಣಿಗೆ ಇದೆ. ಮಿಸ್‌ಗೆ ಆಯಾಗೆ ಸ್ವಲ್ಪ ಸೇರಿಸಿ ಕೊಡೋಕೆ, ಆಟದ ಸಾಮಾನಿಗೆ ಅಂತ ಎರಡು ಸಾವಿರ ಕೇಳಿದ್ರು. ಕೊಡೋಕೆ ಬೇಜಾರಿಲ್ಲ, ಪ್ರೈವೇಟಲ್ಲಿ ಆ ದುಡ್ಡಿಗೆ ಟೈ ಬೆಲ್ಟ್ ಡೈರಿ ಬರಲ್ಲ. ಬೇಜಾರು ಏನು ಅಂದ್ರೆ ರಸೀದಿ ಕೇಳಿದ್ರೆ ಕೊಡ್ತೀವಿ ಕೊಡ್ತೀವಿ ಅಂತ ದೀಪಾವಳಿ ತನಕ ಓಡಾಡಿಸಿದ್ರು, ನಾಲ್ಕು ಜನ ಅಮ್ಮಂದ್ರು ಒಟ್ಟಿಗೆ ಹೋಗಿ ಕೂತ್ಮೇಲೆ ಬಂತು. 2022ರಲ್ಲಿ ಸರ್ಕಾರಿ ಶಾಲೇಲಿ ಎಸ್‌ಡಿಎಂಸಿ ಮೂಲಕ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬೋದು ಅಂತ ಇಲಾಖೆ ಒಂದು ಆದೇಶ ತಂದು, ಜನ ಬೈದ ಮೇಲೆ ವಾಪಸ್ ತಗೊಂಡಿತ್ತು ನೆನಪಿದ್ಯಾ? ಆದೇಶ ಹೋಯ್ತು, ಶಾಲೆ ಖರ್ಚು ಎಲ್ಲೂ ಹೋಗಿಲ್ಲ, ಅದು ಹಿಂಗೆ ಚಿಲ್ರೆ ಚಿಲ್ರೆಯಾಗಿ ನಮ್ಮತ್ರಾನೇ ಬರುತ್ತೆ. ಕೊಡಿ, ರಸೀದಿ ಕೇಳಿ. ಕೊಡಕ್ಕಾಗಲ್ಲ ಅಂದ್ರೆ ಕೊಡ್ಬೇಡಿ, ನಮ್ಮ ಕ್ಲಾಸಲ್ಲಿ ಕೊಡ್ದೆ ಇರೋರ ಮಕ್ಕಳನ್ನ ಯಾರೂ ಒಂದ್ ಮಾತೂ ಅಂದಿಲ್ಲ, ಅದು ನಿಜ.

ಟಾಯ್ಲೆಟ್. ದೊಡ್ಡ ಮಕ್ಕಳಿಗೆ ಕಟ್ಟಿರೋದು. ಚಿಲ್ಕ ಮೇಲಿದೆ, ನಲ್ಲಿ ಮೇಲಿದೆ, ಕೂರೋ ಜಾಗದಲ್ಲಿ ನಮ್ಮ ಮಕ್ಕಳ ಎರಡು ಕಾಲು ಎರಡು ಕಡೆಗೆ ಎಟುಕೋದೇ ಕಷ್ಟ. ಆಯಮ್ಮ ಇದ್ದಾಗ ಪರವಾಗಿಲ್ಲ, ಪಾಪ ಎತ್ಕೊಂಡು ಕೂರಿಸ್ತಾರೆ, ಅವ್ರು ರಜ ಹಾಕಿದ ದಿನ ನಮ್ಮವಳು ಬೆಳಗ್ಗೆಯಿಂದ ಸಂಜೆ ತನಕ ತಡ್ಕೊಂಡು ಬಂದು ಮನೆ ಬಾಗ್ಲಲ್ಲೇ ಮಾಡ್ಕೊಂಡಿದ್ದಾಳೆ. ಮೀಟಿಂಗಲ್ಲಿ ಹೇಳಿದ್ವಿ, ಬರ್ಕೊಂಡ್ರು, ಇನ್ನೂ ಆಗಿಲ್ಲ. ಒಂದು ಬ್ಯಾಗಲ್ಲಿ ಎಕ್ಸ್‌ಟ್ರಾ ಚಡ್ಡಿ ಯಾವಾಗ್ಲೂ ಇಟ್ಟಿರಿ.

ಟೈಮಿಂಗ್ಸು ದೊಡ್ಡ ಶಾಲೆ ಬೆಲ್ ಜೊತೆಗೇ, ಮಧ್ಯಾಹ್ನ ಊಟ ಆದ್ಮೇಲೆ ಚಾಪೆ ಹಾಕಿ ಮಲಗಿಸ್ತಾರೆ, ಚಾಪೆ ನಾವೇ ಕೊಟ್ಟಿದ್ದು. ಹೋಗೋದು ಬರೋದು ಅತ್ತೆ ಜೊತೆ, ಸರ್ಕಾರಿ ಬಸ್ಸಲ್ಲಿ, ಶಕ್ತಿ ಯೋಜನೆ ಇರೋದ್ರಿಂದ ಅತ್ತೆಗೂ ಟಿಕೆಟ್ ಫ್ರೀ, ಆರು ವರ್ಷದ ಒಳಗಿನ ಮಗೂಗೆ ಹೆಂಗೂ ಟಿಕೆಟ್ ಇಲ್ಲ. ಪ್ರೈವೇಟ್ ಸ್ಕೂಲ್ ವ್ಯಾನ್‌ಗೆ ತಿಂಗಳಿಗೆ ಎಷ್ಟು ಕೊಡ್ತೀರ ಲೆಕ್ಕ ಹಾಕ್ಕೊಳಿ. ಅತ್ತೆ ಅಂತೂ ಈ ನೆಪದಲ್ಲಿ ದಿನಾ ಪೇಟೆ ನೋಡ್ಕೊಂಡು ಬರ್ತಾರೆ, ಮನೇಲಿ ಖುಷಿಯಾಗಿರೋದು ಮಗಳಿಗಿಂತ ಅವ್ರೇ.

ಹಂಗಾದ್ರೆ ಅಂಗನವಾಡೀಲೇ ಬಿಡೋದಾ ಅಂತ ಕೆಲವ್ರು ಕೇಳಿದ್ರು. ನಮ್ಮವಳು ಮೂರು ವರ್ಷಕ್ಕೆ ಅಲ್ಲೇ ಹೋಗಿದ್ದು, ನಮ್ಮ ಬೀದಿ ಅಂಗನವಾಡಿ ಟೀಚರ್ ಬಗ್ಗೆ ಒಂದ್ ಮಾತು ಕೆಟ್ಟದ್ದು ಹೇಳಲ್ಲ. ನಮ್ಮ ರಾಜ್ಯದಲ್ಲಿ ಈ ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ಟಿ. ನರಸೀಪುರದಲ್ಲಿ, ಎಲ್‌ಕೆಜಿ ಅನ್ನೋ ಪದ ನಮ್ಮ ಹಳ್ಳಿಗಳಿಗೆ ಬರೋಕೆ ಮುಂಚೆನೇ ಮೂರು ವರ್ಷದ ಮಕ್ಕಳನ್ನ ಕೂರಿಸಿ ಹಾಡು ಹೇಳ್ಕೊಟ್ಟೋರು ಅವ್ರು. 2024ರ ಜೂನಲ್ಲಿ ಶಾಲೇಲಿ ಎಲ್‌ಕೆಜಿ ತೆಗೆದ್ರೆ ನಮ್ಮ ಮಕ್ಕಳೆಲ್ಲಾ ಹೋಗ್ತಾರೆ ಅಂತ ಅಂಗನವಾಡಿಯೋರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಧರಣಿ ಕೂತ್ರಲ್ಲ, ಅದ್ರಲ್ಲಿ ಅರ್ಥ ಇತ್ತು. ನಾನು ಟಿಸಿ ಏನೂ ಬೇಕಾಗಲ್ಲ ಅಲ್ವಾ ಟೀಚರ್ ಅಂತ ಕೇಳೋಕ್ ಹೋದಾಗ, ಅಕ್ಕ ನಿಮ್ ಮಗಳೂ ಹೋದ್ರೆ ನನ್ನ ಹತ್ರ ದೊಡ್ಡೋರು ಅಂತ ಯಾರೂ ಇರಲ್ಲ, ಬರೀ ಮೂರು ವರ್ಷದ ಪುಟಾಣಿಗಳು ಅಂದ್ರು. ಅವ್ರಿಗೆ ಪಾಠ ಒಂದೇ ಕೆಲಸ ಆಗಿದ್ರೆ ನಾನೂ ಅಲ್ಲೇ ಬಿಡ್ತಿದ್ನೇನೋ. ಗರ್ಭಿಣಿ ಬಾಣಂತಿ ಲೆಕ್ಕ, ಮಕ್ಕಳ ತೂಕ, ಪೌಷ್ಟಿಕ ಆಹಾರ ಹಂಚೋದು, ಮೊಬೈಲ್ ಆ್ಯಪಲ್ಲಿ ಫೋಟೊ ಹತ್ತಿಸೋದು, ಮೇಲಿಂದ ಯಾವ್ದೋ ಸರ್ವೆ, ಇಷ್ಟರ ಮಧ್ಯೆ ಪಾಠಕ್ಕೆ ಎಷ್ಟೊತ್ತು ಸಿಗುತ್ತೆ ಹೇಳಿ. ಮೂರು ವರ್ಷಕ್ಕೆ ಅಂಗನವಾಡಿ, ನಾಲ್ಕಕ್ಕೆ ಶಾಲೆ, ನಮ್ಮ ಊರಲ್ಲಿ ನನ್ನ ಲೆಕ್ಕ ಇದು. ನಿಮ್ಮೂರಲ್ಲಿ ಶಾಲೆ ಎಲ್‌ಕೆಜಿಗೆ ಮಿಸ್ಸೇ ಇಲ್ಲ, ಮೂರನೇ ಕ್ಲಾಸ್ ಮೇಷ್ಟ್ರೇ ಎರಡೂ ಕಡೆ ಓಡಾಡ್ತಾರೆ ಅಂದ್ರೆ ಕಣ್ಮುಚ್ಚಿ ಅಂಗನವಾಡೀಲೇ ಇರ್ಸಿ.

ಸೇರಿಸೋ ಮುಂಚೆ ಹೆಡ್‌ಮಾಸ್ಟರ್ ರೂಮಲ್ಲಿ ಕೂತು ಸ್ಮಾರ್ಟ್ ಟಿವಿ ಇದ್ಯಾ, ಇಂಗ್ಲಿಷ್ ಮಾತಾಡಿಸ್ತೀರಾ ಅಂತ ಕೇಳ್ಕೊಂಡು ಬರೋದ್ರಿಂದ ಏನೂ ಗೊತ್ತಾಗಲ್ಲ, ಎಲ್ಲಾದಕ್ಕೂ ಹೂಂ ಅಂತಾರೆ. ಎಲ್‌ಕೆಜಿಗೇ ಅಂತ ಬೇರೆ ಮಿಸ್ ಇದ್ದಾರಾ, ಹೋದ ವರ್ಷ ಇದ್ದೋರೇ ಈ ವರ್ಷವೂ ಇದ್ದಾರಾ, ಆಯಾ ದಿನಾ ಬರ್ತಾರಾ, ಅವ್ರಿಬ್ರ ಸಂಬಳ ಯಾರ್ ಕೊಡ್ತಾರೆ, ಇದನ್ನ ಕೇಳಿ. ಮಧ್ಯಾಹ್ನ ಬೆಲ್ ಹೊಡ್ಯೋ ಹೊತ್ತಿಗೆ ಹೋಗಿ, ಹೇಳ್ದೆ ಕೇಳ್ದೆ ಹೋದ್ರೂ ನಮ್ಮ ಕಡೆ ಯಾರೂ ಬೈಯಲ್ಲ, ಚಿಕ್ಕ ಮಕ್ಕಳ ಸಾಲು ಎಲ್ಲಿದೆ, ತಟ್ಟೇಲಿ ಏನ್ ಬಿದ್ದಿದೆ, ಕೈ ಯಾರ್ ತೊಳೆಸ್ತಿದ್ದಾರೆ ನೋಡ್ಕೊಂಡು ಆಮೇಲೆ ಫಾರಂ ತಗೊಳಿ.